ಎರಡನೇ ಮಹಡಿಯ ಹಳದಿ ಬೋರ್ಡಿನವರಲ್ಲಿ ಒಂದು ಅಹವಾಲು

ಮಾನ್ಯರೇ,

‘ಎಚ್ಚರಿಕೆ, ನೆಲ ಒದ್ದೆಯಿದೆ’ ಎಂದು ಎದೆಯ ಮೇಲೂ ಬೆನ್ನ ಮೇಲೂ ಬರೆಸಿಕೊಂಡು, ನಮ್ಮ ವಾಣಿಜ್ಯ ಸಂಕೀರ್ಣದ ಎರಡನೇ ಮಹಡಿಯ ಕಾರಿಡಾರಿನಲ್ಲಿ, ಲಿಫ್ಟಿಗೂ ನನ್ನ ಹೊಲಿಗೆ ಅಂಗಡಿಗೂ ನಟ್ಟನಡುವೆ, ಹದಿನಾಲ್ಕು ತಿಂಗಳಿಂದ ಒಂದು ದಿನವೂ ರಜೆ ಹಾಕದೆ ನಿಂತಿರುವ ತಮಗೆ, ಅದೇ ಮಹಡಿಯ ಹನ್ನೆರಡನೇ ನಂಬರಿನ ಆಲ್ಟರೇಷನ್ ಟೈಲರ್ ಮಾಡುವ ಸವಿನಯ ವಂದನೆಗಳು. ತಾವು ಕ್ಷೇಮವೆಂದು ಕಚೇರಿಯ ರಿಜಿಸ್ಟರಿನಿಂದ ದಿನವೂ ತಿಳಿಯುತ್ತಿದೆ. ಇತ್ತ ನಾವೂ ಕ್ಷೇಮವೆಂದು ಬರೆಯುವ ಆಸೆಯಿತ್ತು. ಆದರೆ ನನ್ನಕ್ಕನ ಬಲಗೈ ಪ್ಲಾಸ್ಟರಿನಲ್ಲಿದೆ, ಭಾವನ ಕೆಲಸ ತೂಗುಯ್ಯಾಲೆಯಲ್ಲಿದೆ, ಆದ್ದರಿಂದ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ತಾವು ಈ ಕಟ್ಟಡಕ್ಕೆ ಬಂದ ಬಗೆ ನನಗೆ ಚೆನ್ನಾಗಿ ನೆನಪಿದೆ. ಪಕ್ಕದ ಕಟ್ಟಡದಲ್ಲಿ ಯಾರೋ ಗಿರಾಕಿ ಜಾರಿ ಬಿದ್ದು, ಅಲ್ಲಿನವರಿಗೆ ವಕೀಲರ ನೋಟಿಸು ಬಂದ ವಾರ, ನಮ್ಮ ವ್ಯವಸ್ಥಾಪಕರು ಬಾಡಿಗೆದಾರರನ್ನೆಲ್ಲ ಕರೆದು, ಉತ್ತಮ ನಿರ್ವಹಣೆಯಿಂದ ಹೊಣೆಗಾರಿಕೆಯನ್ನು ತಗ್ಗಿಸಿಕೊಳ್ಳುವುದು ಹೇಗೆಂಬ ವಿಷಯದ ಮೇಲೆ ಒಂದೂವರೆ ಗಂಟೆ ಮಾತಾಡಿದರು. ನಾನು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಿರ್ವಹಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಅಂಗಡಿಯ ಮುಂದೆ ಛಾವಣಿಯಿಂದ ತೊಟ್ಟಿಕ್ಕುತ್ತಿದ್ದ ಏಸಿಯ ನೀರಿಗೆ ಇನ್ನು ಒಂದು ಗತಿ ಕಾಣಿಸುತ್ತಾರೆಂದು ಹಿಗ್ಗಿ ಹೀರೇಕಾಯಿಯಾದೆ. ಮೂರನೇ ದಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ತಾವು ದಯಮಾಡಿಸಿದಿರಿ. ತೊಟ್ಟಿಕ್ಕುವುದು ಹಾಗೇ ಉಳಿಯಿತು.

ಅಂದಿನಿಂದ ತಮಗೆ ನಡೆಯುತ್ತಿರುವ ಉಪಚಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮೇಲ್ವಿಚಾರಕರು ಕಂಕುಳಲ್ಲಿ ರಿಜಿಸ್ಟರು ಇಟ್ಟುಕೊಂಡು ಬಂದು, ತಾವು ನೆಟ್ಟಗೆ ನಿಂತಿದ್ದೀರಾ, ತಮ್ಮ ಅಕ್ಷರಗಳು ಹತ್ತು ಹೆಜ್ಜೆ ದೂರದಿಂದ ಕಾಣುತ್ತವೆಯೇ, ತಮ್ಮ ಮೈಮೇಲೆ ಧೂಳು ಕೂತಿದೆಯೇ ಎಂದು ಹಿಂದೆ ಮುಂದೆ ಸುತ್ತಿ ನೋಡಿ, ಗುರುತು ಹಾಕಿ, ಸಹಿ ಮಾಡಿ ಹೋಗುತ್ತಾರೆ. ಆ ರಿಜಿಸ್ಟರಿನಲ್ಲಿ ನೆಲಕ್ಕೆಂದು ಒಂದು ಕಾಲಂ ಇಲ್ಲ. ನಿಂತ ನೀರಿನಲ್ಲೇ ಬೂಟು ಊರಿ ಅವರು ಸಹಿ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೋದ ವರ್ಷ ತಮ್ಮ ನೆತ್ತಿಯ ಕೀಲು ಸಡಿಲವಾಗಿ ತಾವು ಒಂದಿಷ್ಟು ವಾಲಿದಾಗ, ಮಧ್ಯಾಹ್ನದೊಳಗೆ ಹೊಸ ಕೀಲು ಬಂತು, ಅದನ್ನು ಕೂರಿಸಲು ಇಬ್ಬರು ಬಂದರು, ಕೂರಿಸಿದ ಮೇಲೆ ತಮ್ಮೊಂದಿಗೆ ನಿಂತು ಫೋಟೋ ತೆಗೆಸಿಕೊಂಡರು. ಇಷ್ಟು ಮುತುವರ್ಜಿಯಿಂದ ಈ ಕಟ್ಟಡದಲ್ಲಿ ಬೇರೆ ಯಾವುದನ್ನೂ ನೋಡಿಕೊಂಡದ್ದು ನಾನು ಕಾಣೆ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು.

ನನ್ನದು ಪ್ಯಾಂಟಿನ ಉದ್ದ ಕಡಿಮೆ ಮಾಡುವ, ಸೊಂಟ ಬಿಡಿಸುವ, ಜಿಪ್ಪು ಬದಲಿಸುವ ಕೆಲಸವಾದ್ದರಿಂದ, ಜನರ ಮುಖಕ್ಕಿಂತ ಅವರ ಪ್ಯಾಂಟಿನ ತುದಿಯೇ ನನಗೆ ಹೆಚ್ಚು ಪರಿಚಯ. ತಮ್ಮ ಎಡಕ್ಕೆ ಸರಿದು ಬಂದವರಿಗೆ ಒಂದು ಕಾಲಿನ ತುದಿ ಒದ್ದೆ, ಬಲಕ್ಕೆ ಸರಿದವರಿಗೆ ಇನ್ನೊಂದರದು, ತಮ್ಮನ್ನು ಹಾರಿ ದಾಟಲು ಹೋದ ಉತ್ಸಾಹಿಗಳಿಗೆ ಎರಡೂ. ಒದ್ದೆ ಬಟ್ಟೆ ಜಗ್ಗುತ್ತದೆ, ಉದ್ದವಾಗಿದೆಯೆಂದು ನಾನು ಕತ್ತರಿಸುತ್ತೇನೆ, ಮನೆಯಲ್ಲಿ ಒಣಗಿದ ಮೇಲೆ ಅದು ಕಣಕಾಲಿನ ಮೇಲಕ್ಕೆ ಹೋಗುತ್ತದೆ, ಮರುದಿನ ಗಿರಾಕಿ ನನ್ನ ಮೇಲೆ ಎಗರುತ್ತಾರೆ. ತಮ್ಮ ಆಗಮನದ ನಂತರ ನಾನು ಎಷ್ಟು ಜನರ ಕಣಕಾಲುಗಳಿಗೆ ಗಾಳಿ ಬೆಳಕು ಒದಗಿಸಿದ್ದೇನೆಂದು ಲೆಕ್ಕ ಇಟ್ಟಿಲ್ಲ.

ಇದನ್ನೆಲ್ಲ ಬರೆದು ಕೊಡಲು ಕಚೇರಿಗೆ ಆರು ಸಲ ಹೋಗಿದ್ದೇನೆ. ವ್ಯವಸ್ಥಾಪಕರು ಬಲು ಸಜ್ಜನರು. ಕೂರಿಸುತ್ತಾರೆ, ಕುಡಿಯಲು ನೀರು ಕೊಡುತ್ತಾರೆ, ಕಾಗದವನ್ನು ಮಾತ್ರ ಮುಟ್ಟುವುದಿಲ್ಲ. “ಬಾಯಲ್ಲಿ ಹೇಳಿ ಯಜಮಾನ್ರೇ, ಬರೆಯೋದೆಲ್ಲ ಯಾಕೆ, ನಾವೇನು ಹೊರಗಿನವರಾ?” ಎನ್ನುತ್ತಾರೆ. ದೂರನ್ನು ಬರವಣಿಗೆಯಲ್ಲಿ ತೆಗೆದುಕೊಂಡರೆ ದೋಷ ಗೊತ್ತಿತ್ತೆಂದು ಆಗುತ್ತದೆ, ಗೊತ್ತಿದ್ದೂ ಸರಿಪಡಿಸದಿದ್ದರೆ ಹೊಣೆ ತಲೆಯ ಮೇಲೆ ಬರುತ್ತದೆ ಎಂದು ಅವರ ವಕೀಲರು ಹೇಳಿಕೊಟ್ಟಿದ್ದಾರಂತೆ. ಹೀಗಾಗಿ ಈ ಕಟ್ಟಡದಲ್ಲಿ ಏನು ಕೆಟ್ಟರೂ ಅಧಿಕೃತವಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಅದರ ಬದಲಿಗೆ ತಮ್ಮ ವಂಶ ಬೆಳೆಯಿತು. ಮೆಟ್ಟಿಲಿನ ಕಂಬಿ ಅಲುಗಾಡತೊಡಗಿದಾಗ ‘ಕಂಬಿ ಹಿಡಿಯಬೇಡಿ’ ಎಂಬ ದಾಯಾದಿಯೊಬ್ಬರು ಬಂದು ನಿಂತರು. ಹಿಂಬದಿಯ ಬಾಗಿಲು ತುಕ್ಕು ಹಿಡಿದು ತೆರೆಯದಾದಾಗ, ಅದರ ಮೇಲಿದ್ದ ‘ತುರ್ತು ನಿರ್ಗಮನ’ ಎಂಬ ಬರಹದ ಕೆಳಗೇ ‘ದಯವಿಟ್ಟು ಬಳಸಬೇಡಿ’ ಎಂದು ಇನ್ನೊಬ್ಬರು ನೇತುಬಿದ್ದರು. ಬೆಂಕಿ ಹತ್ತಿದ ದಿನ ನಾವೆಲ್ಲ ಅಲ್ಲಿ ನಿಂತು ಎರಡನ್ನೂ ಓದಿ, ಯಾವುದನ್ನು ಪಾಲಿಸುವುದೆಂದು ಸಭೆ ಸೇರಬೇಕಾದೀತು. ಮೂವತ್ತೆರಡು ಅಂಗಡಿಗಳಿಗೆ ಇರುವುದು ಅದೊಂದೇ ಹಿಂಬಾಗಿಲು.

ಇನ್ನು ಅಕ್ಕನ ವಿಷಯ. ಅಕ್ಕ ನನ್ನ ಅಂಗಡಿಯಲ್ಲೇ ಕಾಜಾ ಹೊಲಿದು ಗುಂಡಿ ಹಾಕುತ್ತಾಳೆ. ಹೋದ ತಿಂಗಳು ಒಂದು ಶುಕ್ರವಾರ, ಇಸ್ತ್ರಿ ಮಾಡಿಸಿದ ಅಂಗಿಗಳನ್ನು ಎದೆಯೆತ್ತರಕ್ಕೆ ಹೊತ್ತು ಲಿಫ್ಟಿನಿಂದ ಬಂದವಳು ತಮ್ಮ ಪಾದದ ಬಳಿಯೇ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. “ಬೋರ್ಡಿಗೆ ಎಡವಬಾರದು ಅಂತ ಅದನ್ನೇ ನೋಡ್ಕೊಂಡು ಬಂದೆ ಕಣೋ, ನೆಲ ನೋಡೋದು ಮರೆತೇಹೋಯ್ತು” ಎಂದು ಅಷ್ಟು ನೋವಿನಲ್ಲೂ ನಕ್ಕಳು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಕೈ ಅದು, ನನಗೆ ಸೂಜಿ ಹಿಡಿಯಲು ಕಲಿಸಿದ ಕೈ. ಮರುದಿನ ಕಚೇರಿಯಿಂದ ಒಂದು ಲಕೋಟೆ ಬಂತು. ಒಳಗೆ ತಾರೀಕು, ಗಂಟೆ ಎಲ್ಲ ನಮೂದಾಗಿದ್ದ ತಮ್ಮ ಭಾವಚಿತ್ರವಿತ್ತು, ಘಟನೆಯ ಸಮಯದಲ್ಲಿ ತಾವು ಸ್ಥಳದಲ್ಲಿ ಹಾಜರಿದ್ದಿರಿ ಎಂಬ ಒಕ್ಕಣೆಯಿತ್ತು. ಕೈ ಹೇಗಿದೆ ಎಂದು ಕೇಳುವ ಸಾಲು ಅದರಲ್ಲಿ ಇರಲಿಲ್ಲ.

ಅಕ್ಕನ ಗಂಡ, ಅಂದರೆ ನನ್ನ ಭಾವ, ಹತ್ತೊಂಬತ್ತು ವರ್ಷಗಳಿಂದ ಈ ಕಟ್ಟಡದ ರಿಪೇರಿಯವನು. ನಲ್ಲಿ, ಸ್ವಿಚ್ಚು, ಷಟರು, ಎಲ್ಲದಕ್ಕೂ ಅವನೇ. ಸೋರುವ ಜಾಗ ತೋರಿಸಿ ಏಣಿ ಹತ್ತಲು ಅವನು ಅನುಮತಿ ಕೇಳಿದಾಗಲೆಲ್ಲ ಕೆಲಸದ ಆದೇಶ ಬರಲಿ ಎಂದರು. ಆದೇಶ ಹೊರಡಬೇಕಾದರೆ ಬರವಣಿಗೆಯ ದೂರು ಬೇಕು. ದೂರಿನ ಕಥೆಯನ್ನು ಆಗಲೇ ಅರಿಕೆ ಮಾಡಿದ್ದೇನೆ. ಅಕ್ಕ ಬಿದ್ದು ಎರಡೇ ದಿನಕ್ಕೆ, ಭಾನುವಾರ, ಭಾವ ಯಾರನ್ನೂ ಕೇಳಲಿಲ್ಲ. ಏಣಿ ಹಾಕಿ, ಛಾವಣಿಯ ಹಲಗೆ ಸರಿಸಿ, ಏಸಿಯ ನೀರು ಹೋಗುವ ಪೈಪಿಗೆ ತಂತಿ ತೂರಿಸಿದ. ಹೊರಗೆ ಬಂದದ್ದು ಒಂದು ಹಿಡಿ ದಾರದ ಉಂಡೆ: ನೀಲಿ, ಕಪ್ಪು, ಕಂದು, ಎಲ್ಲವೂ ನನ್ನ ಅಂಗಡಿಯ ಬಣ್ಣಗಳೇ. ನನ್ನ ಮಿಷನ್ನಿನ ನೂಲು, ಧೂಳು ಹದಿನೈದು ವರ್ಷ ಹಾರಿ ಹೋಗಿ ಅಲ್ಲಿ ಮನೆ ಮಾಡಿಕೊಂಡಿತ್ತು. ದೂರು ಹೊತ್ತು ಆರು ಸಲ ಕಚೇರಿಗೆ ಹೋದ ನಾನು ಏಣಿಯ ಕೆಳಗೆ ತಲೆ ತಗ್ಗಿಸಿ ನಿಂತೆ. “ನಿನ್ನ ಬೈಯೋದಿಲ್ಲ ಬಿಡಪ್ಪ, ಮೂರು ತಿಂಗಳಿಗೊಂದು ಸಲ ಯಾರಾದ್ರೂ ನೋಡಿದ್ರೆ ಸಾಕಿತ್ತು. ಇಪ್ಪತ್ತು ನಿಮಿಷದ ಕೆಲಸ. ಇದಕ್ಕೆ ನಿನ್ನಕ್ಕ ಕೈ ಮುರ್ಕೋಬೇಕಿತ್ತಾ?” ಎಂದ ಭಾವ. ಮಾರನೆಯ ದಿನ ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನೆಲ ಒಣಗಿತ್ತು, ನಾನು ಒಬ್ಬರ ಪ್ಯಾಂಟನ್ನು ಸರಿಯಾದ ಉದ್ದಕ್ಕೆ ಕತ್ತರಿಸಿದೆ.

ತಮಗೆ ಆ ದಿನ ಹೇಗಾಗಿರಬೇಕೆಂದು ಊಹಿಸಬಲ್ಲೆ. ಕಚೇರಿಗೂ ಹಾಗೇ ಆಯಿತು. ಮಂಗಳವಾರ ಭಾವನನ್ನು ಅಮಾನತು ಮಾಡಿ ಕಾಗದ ಕೊಟ್ಟರು. ಆದೇಶವಿಲ್ಲದೆ ಏಣಿ ಹತ್ತಿದ್ದು ಒಂದು ತಪ್ಪು; ರಿಪೇರಿ ಮಾಡುವ ಮೂಲಕ, ಅಲ್ಲಿ ರಿಪೇರಿ ಮಾಡುವಂಥದ್ದು ಏನೋ ಇತ್ತೆಂದು ಜಗಜ್ಜಾಹೀರು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು; ಇವೆಲ್ಲಕ್ಕಿಂತ ಮಿಗಿಲಾಗಿ, ನೆಲವನ್ನು ಒಣಗಿಸಿ ತಮ್ಮಂಥ ಸತ್ಯವಂತರನ್ನು ಸುಳ್ಳರನ್ನಾಗಿ ಮಾಡಿದ್ದು. ವಿಚಾರಣೆ ಮುಗಿಯುವವರೆಗೆ ಯಥಾಸ್ಥಿತಿ ಕಾಪಾಡಬೇಕೆಂದು ಅಪ್ಪಣೆಯಾಗಿದೆ. ಅದರಂತೆ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಸಫಾಯಿಯಾಕೆ ದಿನವೂ ಎಂಟೂಮುಕ್ಕಾಲಿಗೆ ಬಂದು, ತಮ್ಮ ಸುತ್ತ ಒಂದು ಮಗ್ಗು ನೀರು ಚೆಲ್ಲುತ್ತಾರೆ. “ಇಷ್ಟು ವರ್ಷ ನೆಲ ಒರೆಸಿದೀನಿ, ನೆನೆಸೋ ಕೆಲಸ ಮಾತ್ರ ಇದೇ ಮೊದಲು” ಎನ್ನುತ್ತಾರೆ ಪಾಪ. ಒಂಬತ್ತಕ್ಕೆ ಮೇಲ್ವಿಚಾರಕರು ಬಂದು ತಾವು ನೆಟ್ಟಗಿರುವುದನ್ನು ನೋಡಿ ಸಹಿ ಮಾಡುತ್ತಾರೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಭಾವನ ವಿಚಾರಣೆ. ಕೆಲಸ ಹೋದರೆ, ಆ ವಯಸ್ಸಿನಲ್ಲಿ ಅವನನ್ನು ಬೇರೆ ಯಾರೂ ಕರೆಯುವುದಿಲ್ಲ. ಅಕ್ಕನ ಕೈಗೆ ಸೂಜಿ ಹಿಡಿಯಲು ಇನ್ನೂ ಎರಡು ತಿಂಗಳು ಬೇಕು. ಆದ್ದರಿಂದ ಕೈಮುಗಿದು ಬೇಡುವುದೇನೆಂದರೆ, ತಾವು ಅಂದು ಒಂದು ಗಂಟೆಯ ಮಟ್ಟಿಗೆ ಸ್ಥಳ ಬಿಟ್ಟು ಕಚೇರಿಗೆ ಬಂದು, ಹದಿನಾಲ್ಕು ತಿಂಗಳು ಹನಿ ಹನಿಯಾಗಿ ಕಂಡದ್ದನ್ನು ಸಾಕ್ಷಿ ಹೇಳಬೇಕು. ಅಷ್ಟು ನಡೆಯಲು ತಮ್ಮ ಕೀಲು ಒಪ್ಪದಿದ್ದರೆ, ಕಡೇಪಕ್ಷ ನಿಂತಲ್ಲೇ ಒಮ್ಮೆ ಬಗ್ಗಿ ತಮ್ಮ ಪಾದದ ಬಳಿಯ ನೀರನ್ನು ತಾವೇ ಒರೆಸಿಕೊಳ್ಳಬೇಕು. ಅದೂ ಆಗದಿದ್ದರೆ, ದಾರಿಯಲ್ಲಿ ಬರುವವರು ತಮ್ಮನ್ನು ನೋಡದೆ ನೆಲವನ್ನು ನೋಡುವಂತೆ, ಆಗಾಗ ಸ್ವಲ್ಪ ಕಾಣೆಯಾಗಬೇಕು. ನನ್ನ ಕಡೆಯಿಂದ, ನೂಲು ಹಾರದಂತೆ ಅಂಗಡಿಯ ಬಾಗಿಲಿಗೆ ನೆಟ್ ಬಟ್ಟೆಯ ಪರದೆ ಹೊಲಿದು ಹಾಕಿದ್ದೇನೆ. ಆಗಬೇಕಾದ ಕೆಲಸವನ್ನು ಮಾಡಿ ಮುಗಿಸಿದರೆ ಹೇಗಿರುತ್ತದೆಂದು ನೋಡಬಯಸುವವರು ಬಂದು ನೋಡಬಹುದು.

ತಮ್ಮ ಆಯುಷ್ಯ ಬೇಗ ಮುಗಿಯಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಹನ್ನೆರಡನೇ ನಂಬರಿನ ಟೈಲರ್

ಬಾಲಂಗೋಚಿ: ಈ ಮಾತು ತಮ್ಮ ಬೆನ್ನಿಗೆ ಅಂಟಿಸುತ್ತಿರುವ ಪ್ರತಿಯಲ್ಲಿ ಮಾತ್ರ ಇದೆ. ಇನ್ನೊಂದು ಪ್ರತಿಯನ್ನು ಇವತ್ತು ಬೆಳಿಗ್ಗೆ ಕಚೇರಿಗೆ ಕೊಟ್ಟೆ. ದೂರಿನ ಕಾಗದವನ್ನು ಮುಟ್ಟದವರು, ಬೋರ್ಡಿನವರಾದ ತಮ್ಮ ಹೆಸರಿಗೆ ಬರೆದ ಕಾಗದವೆಂದಾಕ್ಷಣ, ತಮ್ಮ ಫೈಲು ದಪ್ಪವಾಗುವ ಸಂತೋಷದಲ್ಲಿ, ಮೇಲಿನ ಸಾಲು ಮಾತ್ರ ಓದಿ, ಪ್ರತಿ ಹಾಳೆಗೂ ‘ಸ್ವೀಕರಿಸಲಾಗಿದೆ’ ಎಂದು ಮೊಹರು ಒತ್ತಿ ತಾರೀಕು ಹಾಕಿಕೊಟ್ಟರು. ಕೊನೆಯ ಹಾಳೆಯಲ್ಲಿ ಭಾವ ತನ್ನ ಕೈಯಾರೆ ಬರೆದ ಪಟ್ಟಿಯಿದೆ: ಕಂಬಿ, ಹಿಂಬಾಗಿಲು ಸೇರಿದಂತೆ ಈ ಕಟ್ಟಡದಲ್ಲಿ ತುರ್ತಾಗಿ ಸರಿಯಾಗಬೇಕಾದ ಹನ್ನೊಂದು ಕೆಲಸಗಳು. ಅವು ಹನ್ನೊಂದೂ ಈಗ ಕಚೇರಿಗೆ ಅಧಿಕೃತವಾಗಿ ಗೊತ್ತು. ಮಧ್ಯಾಹ್ನ ವ್ಯವಸ್ಥಾಪಕರು ಕೊನೆಯ ಹಾಳೆ ಓದಿ, ಬೆವರು ಒರೆಸಿಕೊಂಡು, ಸೋಮವಾರದ ವಿಚಾರಣೆಯಲ್ಲಿ ಭಾವನನ್ನು ಏನು ಕೇಳಬೇಕೆಂದು ವಕೀಲರಿಗೆ ಫೋನು ಮಾಡಿದರಂತೆ. “ಏನೂ ಕೇಳಬೇಡಿ, ಮೊದಲು ಅವನಿಗೆ ಏಣಿ ಕೊಡಿ” ಎಂದರಂತೆ ವಕೀಲರು.