ಅಕ್ಕ ಮೂರು ಸಲ ಬಣ್ಣ ಬಳಿದ ಮನೆ

ನಮ್ಮ ಅಕ್ಕ ಸಾವಿನ ಮನೆಗೆ ಹೋದರೂ ಮೊದಲು ನೋಡುವುದು ಬಚ್ಚಲುಮನೆಯನ್ನು! ನಂಬುವುದಿಲ್ಲವೇ? ದಿಬ್ಬೂರಹಳ್ಳಿಯಲ್ಲಿ ದೂರದ ಸಂಬಂಧದ ಮಾವ ತೀರಿಕೊಂಡಾಗ, ಅತ್ತೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತು, ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು: "ಬಚ್ಚಲಿನ ಟೈಲ್ಸು ಎಲ್ಲಿ ತಗೊಂಡ್ರಿ ಅತ್ತೆ?"

ಅತ್ತೆ ಅಳು ನಿಲ್ಲಿಸಿ, "ಚಿಂತಾಮಣೀಲಿ ಕಣಮ್ಮ. ಒಂದು ಡಬ್ಬ ಮಿಕ್ಕೈತೆ, ತಗೊಂಡೋಗು" ಎಂದರು.

ಸಾವಿನ ಮನೆಯಿಂದ ಯಾರಾದರೂ ಸಾಮಾನು ತರುತ್ತಾರೆಯೇ? ಅಕ್ಕ ತಂದಳು. ಹಿತ್ತಲಲ್ಲೇ ತಲೆಗೆ ನೀರು ಹಾಕಿಕೊಂಡಳು. ಟೈಲ್ಸಿಗೂ ನಾಲ್ಕು ಚೊಂಬು ಹಾಕಿದಳು!

ಈ ಹುಚ್ಚಿಗೆ ಕಾರಣವಿತ್ತು. ಶಿಡ್ಲಘಟ್ಟದ ನಮ್ಮ ಬೀದಿಯ ತುಂಬ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆಗಳು. ಆ ಹೊಗೆ ಅಕ್ಕನ ಎದೆಗೆ ಆಗದು, ಇನ್ನೊಂದು ಚಳಿಗಾಲ ಇಲ್ಲಿ ಕಳೆಯಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಈ ಮನೆ ಮಾರಿದರೆ ತಾನೇ ಪೆರೇಸಂದ್ರದಲ್ಲಿ ಇನ್ನೊಂದು ಕೊಳ್ಳುವುದು? ದೇವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತಿದ್ದ ಕಾಲ. ಹೊರಗಿನವರೂ ಮನೆ ಹುಡುಕಿಕೊಂಡು ಬರುತ್ತಿದ್ದರು. "ಬಚ್ಚಲು, ಅಡುಗೆಮನೆ ಚೆನ್ನಾಗಿದ್ರೆ ಬೆಲೆ ತಾನಾಗೇ ಏರ್ತದೆ ಕಣಕ್ಕ" ಎಂದು ಬ್ರೋಕರು ಕಿವಿಯಲ್ಲಿ ಊದಿದ್ದ.

ಅಕ್ಕ ಕುರ್ಚಿಯಲ್ಲಿ ಕೂತಂತೆ ಕೂರುವ ಹೊಸ ಕಮೋಡ್ ಹಾಕಿಸಿದಳು. ಹಾಕಿಸಿ, ಬಾಗಿಲಿಗೆ ಬೀಗ ಜಡಿದಳು!

"ಅಕ್ಕ, ಅರ್ಜೆಂಟು!"

"ಅದು ಮನೆ ತಗೊಳ್ಳೋರಿಗೆ ಕಣೋ. ಮಾರೋವರ್ಗೂ ತಡ್ಕೋ!"

ನೋಡಲು ಬಂದವರು ಟೈಲ್ಸು ಹೊಗಳುತ್ತಿದ್ದರು, ಕಮೋಡಿಗೆ ತಲೆದೂಗುತ್ತಿದ್ದರು. ಹಿತ್ತಲ ಬಾಗಿಲು ತೆರೆದದ್ದೇ ತಡ, ಕರ್ಚೀಫು ಮೂಗಿಗೆ! ಅಕ್ಕನ ಕಣ್ಣಿಗೆ ಅದು ಬೀಳದಿರಲೆಂದು ಹಿತ್ತಲು ತೋರಿಸುವುದನ್ನು ನಾನೇ ವಹಿಸಿಕೊಂಡಿದ್ದೆ. ಏಕೆಂದರೆ ಹಿತ್ತಲ ಶೆಡ್ಡಿನಲ್ಲಿದ್ದವು ನನ್ನ ಮೂಟೆಗಳು. ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳುವನ್ನು ಕೊಂಡು, ಒಣಗಿಸಿ, ಕೋಳಿ ಮೇವಿಗೆ ಮಾರುವುದು ನನ್ನ ಕಸುಬು. ನಮ್ಮ ಬೀದಿಯವರಿಗೆ ಆ ನಾತ ಬರೀ ಗಾಳಿ. ಹೊರಗಿನವರಿಗೆ?

ಒಬ್ಬರು ಬೀದಿಯಲ್ಲಿ ನನ್ನನ್ನು ತಡೆದು ಹೇಳಿಯೇಬಿಟ್ಟರು: "ಮನೆ ಚೆನ್ನಾಗಿದೆಯಪ್ಪ. ಆದರೆ ಆ ವಾಸನೇಲಿ ಊಟ ಮಾಡೋದು ಹೇಗೆ?"

ಒಳಗೆ ಬಂದೆ. "ಏನಂತೋ?" ಎಂದಳು ಅಕ್ಕ.

"ಬಣ್ಣ ಹಿಡಿಸ್ಲಿಲ್ವಂತೆ."

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಸುಳ್ಳು ಹೇಳಲು ಅಷ್ಟು ಓದು ಸಾಕಾಯಿತು. ಪುಕ್ಕಟೆ ಶೆಡ್ಡು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ, ಅಷ್ಟೇ. ತಾನೇ ಮೊದಲು ಬಳಿದಿದ್ದ ಗುಲಾಬಿಯ ಮೇಲೆ ಅಕ್ಕ ಪಿಸ್ತಾ ಬಳಿದಳು. ಇನ್ನೊಬ್ಬರು ಬಂದು ಹೋದರು; ನನ್ನದು ಅದೇ ಉತ್ತರ. ಪಿಸ್ತಾ ಹೋಗಿ ಕೆನೆ ಬಣ್ಣ ಬಂತು. ಮನೆಗೆ ಇಷ್ಟು ಸಲ ಬಟ್ಟೆ ಬದಲಾಯಿಸಿದವಳು ತಾನು ಆ ವರ್ಷ ಒಂದು ಸೀರೆಯನ್ನೂ ಕೊಳ್ಳಲಿಲ್ಲ.

ಕಾರ್ತಿಕ ಬಂತು. ನಾಲ್ಕನೇ ಬಣ್ಣಕ್ಕೆಂದು ಗೋಡೆ ಕೆರೆಯುತ್ತಿದ್ದ ಅಕ್ಕ ಕೆಮ್ಮು ಹತ್ತಿ, ಉಸಿರು ಸಿಗದೆ ನೆಲಕ್ಕೆ ಕುಸಿದು ಕೂತಳು. ನೀರು ಕುಡಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟೆ.

ಬಯ್ಯುತ್ತಾಳೆಂದು ಕಾದೆ. ಅಕ್ಕ ಚೊಂಬು ಕೆಳಗಿಟ್ಟು, "ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲವೋ? ಬೇಯೋ ಗೂಡಿನ ಹಬೆ ಮುಂದೆ ಕೂತು ಕೂತು ನನ್ನ ಮೂಗು ಎಂದೋ ಸತ್ತೋಯ್ತು. ಮುಡಿದ ಮಲ್ಲಿಗೇನೂ ಗೊತ್ತಾಗಲ್ಲ ಕಣೋ" ಎಂದಳು. ನನ್ನನ್ನು ಸಾಕಲೆಂದೇ ಅವಳು ಆ ಹಬೆಯ ಮುಂದೆ ಕೂತಿದ್ದು.

ಮರುದಿನವೇ ಮೂಟೆಗಳನ್ನು ಊರಾಚೆ ಸಾಗಿಸಿ ಶೆಡ್ಡು ತೊಳೆದೆ. ಅಕ್ಕ ನನ್ನನ್ನು ಬೀದಿಗೆ ಕಳಿಸಿದಳು.

"ಮನೆ ತಗೊಳ್ಳೋನ ಥರ ಒಳಗೆ ಬಾ. ವಾಸನೆ ಇದೆಯಾ ಹೇಳಪ್ಪ. ನೀನು ಹೇಳಿದ್ದೇ ನನಗೆ ನಿಜ."

ಅಷ್ಟು ಸುಳ್ಳು ಹೇಳಿದವನಿಗೆ ಈ ಮಾತು! ಹಿತ್ತಲಿನವರೆಗೂ ನಡೆದೆ. ಉಸಿರೆಳೆದೆ.

"ಇನ್ನೂ ಇದೆ ಅಕ್ಕ."

ಅವಳು ಸೆರಗು ಸಿಕ್ಕಿಸಿಕೊಂಡು ಬಕೆಟ್ಟಿಗೆ ಕೈ ಹಾಕಿದಳು. ನಾನು ಅದನ್ನು ಅವಳ ಕೈಯಿಂದ ತೆಗೆದುಕೊಂಡೆ.