ಒದರೂ ಗೆರಿ, ಒದರದ ಗೆರಿ

ಗೋಕಾಕದಾಗ ನಂದೊಂದು ಲೇಬಲ್ ಛಾಪಖಾನಿ. ಬೆಳಗಾವ್ಯಾಗ ದೊಡ್ಡ ಅಂಗಡಿ ಶುರುವಾಗಿ, ಪಾಕೀಟಿನ ಮ್ಯಾಲ ಬಾರ್‌ಕೋಡ್ ಬೇಕು ಅಂದಾಗಿಂದ ನನ್ನ ಮನಿ ಮಂದಿಗಿಂತ ಗಿರಾಕಿಗಳ ನನ್ನನ್ನ ಜಾಸ್ತಿ ನಗಿಸ್ಯಾರ, ಜಾಸ್ತಿ ಅಳಿಸ್ಯಾರ. ಬಾರ್‌ಕೋಡ್ ಓದೂ ಮಷಿನ್ ಮುಂದ ಹಿಡಿದ್ರ ಅದರ ಗೆರಿ 'ಟಿಂಯ್' ಅಂತ ಒದರಬೇಕು. ಒದರಲಿಲ್ಲಂದ್ರ ಮಾಲು ವಾಪಸ್, ಗಿರಾಕಿ ಬೈಯೂದು ನನಗ.

೧. ಗೋಕಾಕದ ಕರದಂಟು

ಕರದಂಟಿನ ಅಂಗಡಿ ಕಾಕಾ ಬಂದ್ರು. "ಸಿಹಿ ಮ್ಯಾಲ ಕರೇ ಗೆರಿ ಅಪಶಕುನ. ಕುಂಕುಮದ ಬಣ್ಣದಾಗ ಹೊಡಿ."

"ಕಾಕಾ, ಮಷಿನ್ ಬೆಳಕೂ ಕೆಂಪ ಐತಿ. ಕೆಂಪು ಗೆರಿ ಅದಕ್ಕ ಕಾಣೂದಿಲ್ರಿ."

ಕೇಳಲಿಲ್ಲ. ನಮೂನಿಗೆ ಒಂದು ಹೊಡದು ಮಷಿನ್ ಮುಂದ ಹಿಡಿದೆ. ಮಷಿನ್ ಸುಮ್ಮನ ಕುಂತಿತು. ಕಾಕಾ ಕನಿಕರದಿಂದ ಅದನ್ನ ನೋಡಿ ಅಂದ್ರು: "ಪಾಪ, ಅದಕ್ಕೊಂದು ಚಷ್ಮಾ ಹಾಕ್ಸೋ."

೨. ಮೂಡಲಗಿಯ ಬೆಲ್ಲ

ಗೆರಿ ಎಡಕ್ಕ ಬಲಕ್ಕ ಒಂದೀಟು ಬಿಳಿ ಜಾಗ ಬಿಡಬೇಕು, ಇಲ್ಲಂದ್ರ ಮಷಿನ್‌ಗೆ ಓದಾಕ ಬರೂದಿಲ್ಲ. ಬೆಲ್ಲದ ಸಾವ್ಕಾರ್ರಿಗೆ ಅದು ಸಹಿಸಲಿಲ್ಲ. "ಖಾಲಿ ಯಾಕ ಬಿಡ್ತಿ? ನನ್ನ ಫೋಟೋ ಹಾಕು."

ಹಾಕಿದೆ. ಮೀಸಿ ಹೋಗಿ ಗೆರಿಗೆ ತಾಗಿತು. ಮಷಿನ್ ಅವರ ಮನಿಗೆ ಒಯ್ದು ಹತ್ತು ಸಲ ಹಿಡಿದ್ರೂ ಪಿಟ್ಟನ್ನಲಿಲ್ಲ.

ಒಳಗಿಂದ ಸಾವ್ಕಾರ್ರ ಹೆಂಡ್ತಿ ಅಂದ್ರು: "ಅವರ ಮಾರಿ ಮುಂದ ನನಗ ಬಾಯಿ ಬರೂದಿಲ್ಲ. ಅದಕ್ಕೇನು ಬರತೈತಿ ಬಿಡ್ರಿ!"

೩. ಹುಕ್ಕೇರಿಯ ಹಪ್ಪಳ

ಹುಕ್ಕೇರಿಯ ಅಕ್ಕಾರೊಬ್ರು ಓಣಿ ಹೆಣ್ಮಕ್ಕಳನ್ನ ಕೂಡಿಸಿ ಹಪ್ಪಳ, ಶಾವಿಗಿ, ಖಾರಪುಡಿ ಮಾಡಸ್ತಿದ್ರು. ಮೂರಕ್ಕೂ ಒಂದ ರೇಟು. ಬೆಳಗಾವಿ ಅಂಗಡಿಯವ್ರು ಒಂದು ತಿಂಗಳು ನೋಡತೇವಿ, ಹೋಗದ ಮಾಲು ತಗದ ಹಾಕತೇವಿ ಅಂದಿದ್ರು. ಅಷ್ಟೂ ಮನಿ ಅದರ ಮ್ಯಾಲ ಆಸೆ ಇಟ್ಟಿದ್ವು. ನಾನು ಮಾಲಿಗೊಂದರಂಗ ಮೂರು ನಮೂನಿ ಬಾರ್‌ಕೋಡ್ ಚೀಟಿ ಹೊಡದು, ಒದರಿಸಿ ನೋಡೇ ಅಂಟಸ್ರಿ ಅಂತ ಬಜಾಯಿಸಿ ಹೇಳಿದ್ದೆ.

ತಿಂಗಳಾದ ಮ್ಯಾಲ ಅಕ್ಕಾರಿಗೆ ಅಂಗಡಿ ಮ್ಯಾನೇಜರ್ ಫೋನು: "ಖಾರಪುಡಿ ಇನ್ನೊಂದು ಗಾಡಿ ಕಳಸ್ರಿ. ಹಪ್ಪಳ, ಶಾವಿಗಿ ಒಂದೂ ಹೋಗಿಲ್ಲ, ಬಂದು ಒಯ್ರಿ."

ಅಕ್ಕಾರ ಕಣ್ಣಾಗ ನೀರು. ನನ್ನೂ ಕರಕೊಂಡು ಬೆಳಗಾವಿ ಅಂಗಡಿಗೆ ಹ್ವಾದ್ರು. ಹೋಗಿ ನೋಡಿದ್ರ ಶಾವಿಗಿ ಕಪಾಟು ಖಾಲಿ. ಹಪ್ಪಳ ಒಂದ ಪಾಕೀಟು ಉಳದೈತಿ. ಖಾರಪುಡಿ ಮಾತ್ರ ಒಟ್ಟಿದ್ದು ಒಟ್ಟಿದಂಗ ಐತಿ!

ಆ ಹಪ್ಪಳ ತಿರುವಿ ನೋಡಿದೆ. ಖಾರಪುಡಿ ಚೀಟಿ!

"ಅಕ್ಕಾರ, ಇದೇನ್ರಿ?"

"ಹಪ್ಪಳದ ಚೀಟಿ ಮುದುಡಿ, ಮೂರು ಸಲ ಹಿಡಿದ್ರ ಒಮ್ಮೆ ಒದರತಿತ್ತು. ಶಾವಿಗೀದೂ ಹಂಗ. ಖಾರದ್ದು ಒಂದ ಸಲಕ್ಕ ಒದರ್ತು. ಚಲೋದು ಐತಿ ಅಂತ ಎಲ್ಲಾದಕ್ಕೂ ಅದನ್ನ ಅಂಟಿಸಿದ್ವಿ."

ಹೋದದ್ದೆಲ್ಲಾ ಖಾರಪುಡಿ ಅಂತ ಬರಕೊಂಡಿದ್ದ ಕಂಪ್ಯೂಟರ್ ಮ್ಯಾನೇಜರ್ ನೋಡಿದ, ಕಪಾಟು ನೋಡಿದ, ತಲಿ ಕೆರಕೊಂಡ. "ಅಕ್ಕಾರ, ಹಪ್ಪಳ, ಶಾವಿಗಿ ನಾಳೆನ ಕಳಸ್ರಿ."

ಅಕ್ಕಾರು ಸೆರಗು ಸರಿಮಾಡಿಕೊಂಡು ಅಂದ್ರು: "ಕಳಸ್ತೇನ್ರಿ. ಯಾವ ಹೆಸರಿಲೆ ಒದರಸ್ಲಿ, ಅಷ್ಟ ಹೇಳ್ರಿ."