ಅಂಜುಬುರುಕನ ಜೈಲು ಭಜನೆ

ಧೈರ್ಯವಂತರಿಗೆ ಜೀವನದಲ್ಲಿ ಎಂದೋ ಒಮ್ಮೆ ಏನಾದರೂ ಆಗುತ್ತದೆ, ಅಂಜುಬುರುಕನಿಗೆ ವಾರ ವಾರ ಆಗುತ್ತದೆ. ನಾನು ಮರಾಠಿ ನಾಡಿನ ಭೋಸರಿಯ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಭೋಂಗಾದ ಕೂಗಿಗೇ ದಿನಾ ಬೆಚ್ಚಿ ಬೀಳುತ್ತಿದ್ದವನು. ನಿವೃತ್ತನಾದ ಮೇಲೆ ವಿಠ್ಠಲ ಮಂದಿರದ ಭಜನಾ ಮಂಡಳಿ ಸೇರಿದೆ, ತಾಳ ಬಾರಿಸಿಕೊಂಡು ಸುಮ್ಮನಿರೋಣವೆಂದು. ಸೇರಿದ ಮೇಲೆ ತಿಳಿಯಿತು, ಮಂಡಳಿ ತಿಂಗಳಿಗೊಂದು ರವಿವಾರ ಜೈಲಿಗೆ ಹೋಗುತ್ತದೆ. ಕೈದಿಗಳ ಜೊತೆ ಭಜನೆ, ನಾಲ್ಕು ಒಳ್ಳೆಯ ಮಾತು, ಬಿಡುಗಡೆಯಾದವರಿಗೆ ಎಲ್ಲಾದರೂ ಒಂದು ಕೆಲಸ. ತಪ್ಪಿಸಿಕೊಳ್ಳೋಣವೆಂದರೆ ಮಂಡಳಿಯ ಮುಂದಾಳು ಒಬ್ಬ ನಿವೃತ್ತ ಶಿಕ್ಷಕಿ, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಜೈಲಿನ ಅಂಜಿಕೆ ದೊಡ್ಡದೋ ಮಾವಶಿಯ ಅಂಜಿಕೆ ದೊಡ್ಡದೋ ಎಂದು ತೂಗಿ ನೋಡಿ, ಜೈಲಿಗೆ ಹೊರಟೆ.

೧. ಉಂಡಿ

ಜೈಲಿನ ಬಾಗಿಲಲ್ಲಿ ಒಂದು ಪದ್ಧತಿ ಇದೆ. ಪ್ರಸಾದ ತಂದವರು ಕಾವಲುಗಾರನ ಎದುರಿಗೆ ಮೊದಲು ತಾವು ತಿಂದು ತೋರಿಸಬೇಕು. ನಾನು ಹೋದ ಮೊದಲ ಸಲವೇ ಪ್ರಸಾದದ ಪಾಳಿ ನನ್ನದು. ನನ್ನ ಹೆಂಡತಿ ರವೆ ಉಂಡಿ ಕಟ್ಟಿ ಕೊಟ್ಟಿದ್ದಳು. ಅವಳ ಉಂಡಿಯನ್ನು ಬಾಗಿಲ ಸಂದಿಯಲ್ಲಿಟ್ಟು ಒಡೆದು ತಿನ್ನುವುದು ನಮ್ಮ ಮನೆಯ ರೂಢಿ. ಜೈಲಿನ ಬಾಗಿಲ ಸಂದಿ ಕೇಳಲು ನನಗೆ ಧೈರ್ಯ ಬರಲಿಲ್ಲ.

ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಹೆದರಿಕೆಗೆ ಬಾಯಿ ಒಣಗಿತ್ತು. ಉಂಡಿ ಒಳಗೂ ಹೋಗದು, ಹೊರಗೂ ಬಾರದು. ಕಾವಲುಗಾರ ನನ್ನನ್ನೇ ದಿಟ್ಟಿಸಿ ಮರಾಠಿಯಲ್ಲಿ ಕೇಳಿದ, “ನೀವೇ ನುಂಗುತ್ತಿಲ್ಲ. ಇದರಲ್ಲಿ ಏನು ಹಾಕಿದ್ದೀರಿ?”

ರವೆ ಎನ್ನಲು ಹೋದೆ. ಮಾತಿನ ಬದಲು ರವೆಯೇ ಹೊರಬಿತ್ತು, ಅವನ ಖಾಕಿ ಅಂಗಿಯ ಮೇಲೆ.

ಕೊನೆಗೆ ಆತ ತಾನೇ ಒಂದು ಉಂಡಿ ಕಚ್ಚಿದ. ಬಹಳ ಹೊತ್ತು ಅಗಿದ. ನೀರು ಕುಡಿದ. ಆಮೇಲೆ ಒಳಗಿನವನಿಗೆ ಕೂಗಿ ಹೇಳಿದ, “ಬಿಡೋ ಇವರನ್ನ. ಈ ಉಂಡಿ ತಿಂದವರು ಯಾರೂ ಗೋಡೆ ಹಾರುವುದಿಲ್ಲ.”

೨. ಶಿಕ್ಕಾ

ಒಳಗೆ ಹೋಗುವವರ ಕೈಗೆ ಶಾಯಿಯ ಒಂದು ಶಿಕ್ಕಾ ಹೊಡೆಯುತ್ತಾರೆ. ಬರುವಾಗ ಅದನ್ನು ತೋರಿಸಿದರಷ್ಟೇ ಹೊರಗೆ ಬಿಡುವುದು. ಇದನ್ನು ಕೇಳಿದಾಗಿನಿಂದ ನನ್ನ ಜೀವವೆಲ್ಲ ಆ ಶಿಕ್ಕಾದ ಮೇಲೆ. ಒಂದು ರವಿವಾರ ಭಜನೆ ನಡೆದಷ್ಟು ಹೊತ್ತೂ ಅದು ಇದೆಯೋ ಇಲ್ಲವೋ ಎಂದು ಬೆರಳಿನಿಂದ ಸವರಿ ಸವರಿ ನೋಡಿಕೊಂಡೆ. ಮೊದಲೇ ಕೈ ಬೆವತಿತ್ತು. ಹೊರಡುವ ಹೊತ್ತಿಗೆ ಕೈ ಚೊಕ್ಕ.

ಮಾವಶಿ ಮತ್ತು ಉಳಿದವರು ಆಗಲೇ ಬಾಗಿಲು ದಾಟಿದ್ದರು. ಭಜನೆಗೆಂದು ನಾನು ಹಾಕಿದ್ದು ಬಿಳಿ ಅಂಗಿ, ಬಿಳಿ ಪೈಜಾಮ, ಬಿಳಿ ಟೊಪ್ಪಿಗೆ. ಶಿಕ್ಷೆಯಾದವರ ಉಡುಪೂ ಅದೇ.

“ಯಾವ ಬರಾಕು?” ಎಂದ ಬಾಗಿಲಲ್ಲಿದ್ದ ಹೊಸ ಕಾವಲುಗಾರ, ನಾನು ಯಾವ ಸಾಲಿನ ಕೈದಿ ಎಂದು ತಿಳಿಯಲು.

“ನಾನು ಭಜನೆಯವನು.”

“ಇಲ್ಲಿ ಎಲ್ಲರೂ ಭಜನೆಯವರೇ. ಬರಾಕು ಹೇಳು.”

ಇನ್ನು ಈ ಜನ್ಮದಲ್ಲಿ ಹೆಂಡತಿಯ ಉಂಡಿ ಇಲ್ಲ ಎಂದುಕೊಂಡೆ. ಅದಕ್ಕೂ ಅಳು ಬಂತು.

ಆಗ ಜಮಖಾನೆ ಸುತ್ತುತ್ತಿದ್ದ ಕೈದಿಯೊಬ್ಬ ಹತ್ತಿರ ಬಂದ. ಸೊಲ್ಲಾಪುರದ ಕಡೆಯ ಕನ್ನಡದವನು, ಅಂಗಡಿಗಳ ಬೀಗ ಒಡೆದು ಜೈಲಿಗೆ ಬಂದವನು. ನನಗೆ “ಅಂಜಬ್ಯಾಡ್ರಿ ಕಾಕಾ” ಎಂದ. ಆಮೇಲೆ ಕಾವಲುಗಾರನಿಗೆ ಕೈ ಮುಗಿದು ಮರಾಠಿಯಲ್ಲಿ ಹೇಳಿದ, “ಸಾಹೇಬ, ಇವರು ನಮ್ಮವರಲ್ಲ. ನಮ್ಮೊಳಗೆ ಇಷ್ಟು ಅಂಜುವವರು ಯಾರೂ ಇಲ್ಲ.”

೩. ಮಾಲೆ

ಅದೇ ಕೈದಿಯ ಬಿಡುಗಡೆ ಹತ್ತಿರ ಬಂತು. ಭಜನೆಯಲ್ಲಿ ಅವನು ವಿಠ್ಠಲ ಭಕ್ತರ ತುಳಸಿ ಮಾಲೆ ಬೇಡಿದ. ಮಾಲೆ ಹಾಕುವವರು ಹಾಕಿಸಿಕೊಳ್ಳುವವನಿಂದ ಒಂದು ಆಣೆ ಮಾಡಿಸಬೇಕು. ಮಾವಶಿ ಮಾಲೆಯನ್ನು ನನ್ನ ಕೈಗೆ ಕೊಟ್ಟರು.

“ಮಂದಿ ಬೀಗಕ್ಕ ಕೈ ಹಚ್ಚೂದಿಲ್ಲ ಅನ್ನು,” ಎಂದೆ.

“ಹಚ್ಚೂದಿಲ್ರಿ ಕಾಕಾ. ಏನs ಆದ್ರೂ ಹಚ್ಚೂದಿಲ್ಲ.”

ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಕೆಲಸ ಹುಡುಕುವ ಪಾಳಿಯೂ ನನ್ನ ಪಾಲಿಗೇ ಬಂತು. ಜೈಲು ಎಂದ ಕೂಡಲೇ ಎಲ್ಲರೂ ಚಹಾ ಕುಡಿಸಿ ಕಳಿಸುವವರೇ. ಕೊನೆಗೆ ಸ್ವಾರಗೇಟ ಬಸ್ ನಿಲ್ದಾಣದ ಹತ್ತಿರ ಹೋಟೆಲು ಇಟ್ಟಿರುವ ಕುಂದಾಪುರದ ಕಡೆಯವರೊಬ್ಬರು ಒಪ್ಪಿದರು. “ಪಾತ್ರೆ ತೊಳೀಲಿ, ಅಡ್ಡಿಲ್ಲ. ಆದ್ರೆ ಅವನಿಗೆ ನೀವೇ ಜವಾಬ್ದಾರಿ ಮಾರಾಯ್ರೆ. ಒಂದು ಬೀಗ ಅಲ್ಲಾಡಿದ್ರೂ ಅವ ಆ ದಿನವೇ ಹೊರಗೆ. ಮತ್ತೆ ಜೈಲಿನವರನ್ನ ಯಾರನ್ನೂ ಇಲ್ಲಿಗೆ ಕರ್ಕೊಂಡು ಬರ್ಬೇಡಿ.”

ಅವನು ಕೆಲಸಕ್ಕೆ ಸೇರಿದ ದಿನದಿಂದ ನನ್ನ ನಿದ್ದೆ ಹೋಯಿತು. ಅವನ ಮೇಲೆ ನಂಬಿಕೆ ಇತ್ತು, ನನ್ನ ನಸೀಬಿನ ಮೇಲೆ ಇರಲಿಲ್ಲ. ಚಹಾದ ನೆಪದಲ್ಲಿ ಹೋಟೆಲಿಗೆ ಹೋಗಿ, ಗಲ್ಲಾದಿಂದ ಹಿತ್ತಿಲವರೆಗೆ ಎಲ್ಲ ಬೀಗಗಳನ್ನೂ ಜಗ್ಗಿ ನೋಡಿ ಬರತೊಡಗಿದೆ. ಹೆಂಡತಿ ಅಂದಳು, “ನಾಳೆ ಪೊಲೀಸರು ಬಂದ್ರ ಬೀಗದ ಮ್ಯಾಲೆ ಸಿಗೂದು ನಿಮ್ಮ ಬೆರಳಿನ ಗುರುತs.”

೪. ಬೀಗ

ಒಂದು ಮಧ್ಯಾಹ್ನ ಹೋದಾಗ ಹಿತ್ತಿಲ ಸಾಮಾನು ಕೋಣೆಯ ಬೀಗ ತೆರೆದು ಜೋತಾಡುತ್ತಿತ್ತು. ಮುಗಿಯಿತು, ಅವನ ಕೆಲಸವೂ ಹೋಯಿತು, ನನ್ನ ಮಾನವೂ ಹೋಯಿತು ಎಂದುಕೊಂಡು, ಏನೇನು ಕಳುವಾಗಿದೆ ನೋಡಲು ಒಳಗೆ ನುಗ್ಗಿದೆ. ಅಕ್ಕಿ ಚೀಲಗಳ ಹಿಂದೆ ಬಗ್ಗಿದ್ದಾಗ ಅಡುಗೆಯವರು ಬಂದು, ಹೊರಗಿನಿಂದ ಬಾಗಿಲೆಳೆದು ಬೀಗ ಒತ್ತಿ ಹೋದರು. ಕಳ್ಳತನ ಆಗಿರಲೇ ಇಲ್ಲ. ಸಾಮಾನು ತೆಗೆದುಕೊಳ್ಳಲೆಂದು ಬೆಳಿಗ್ಗೆ ಬೀಗ ತೆಗೆದಿಟ್ಟವರು ಮಾಲೀಕರೇ. ಚಾವಿ ಅವರ ಜೇಬಿನಲ್ಲಿ, ಅವರು ಯಾವುದೋ ಮದುವೆ ಊಟದ ಮಾತುಕತೆಗೆ ದೂರದ ತಳೇಗಾಂವದಲ್ಲಿ.

ಕತ್ತಲೆ. ಪಾದದ ಮೇಲೆ ಏನೋ ಓಡಿತು. ಇಲಿಯೇ ಇರಲಿ ದೇವರೇ ಎಂದು ಬೇಡಿಕೊಂಡು ಕಿರುಚಿದೆ. ಪಾತ್ರೆ ಬಿಟ್ಟು ಓಡಿ ಬಂದವನು ಅವನೇ.

“ಯಾರ್ರಿ ಒಳಗ?”

“ನಾನೋ, ಕಾಕಾ. ಬಾಗ್ಲಾ ತಗೀ.”

“ಚಾವಿ ಮಾಲಕ ಅಣ್ಣಾರ ಕಡೆ ಅದರಿ.”

“ನಿನಗ ಚಾವಿ ಯಾಕ ಬೇಕೋ? ಬೀಗ ಒಡಿ.”

ಅವನ ದನಿ ಬಾಗಿಲಿಗೆ ಇನ್ನೂ ಹತ್ತಿರ ಬಂತು.

“ಕಾಕಾ, ನನಗ ಮಾಲಿ ಹಾಕಿದವ್ರು ನೀವs ಅಲ್ರಿ.”

“ನಾನs ಹಾಕೀನಿ, ಈಗ ನಾನs ಹೇಳಾಕತ್ತೀನಿ, ಒಡಿ!”

“ಏನs ಆದ್ರೂ ಹಚ್ಚೂದಿಲ್ಲ ಅಂದೀನ್ರಿ. ಧೈರ್ಯ ತಗೋರಿ. ದೇವರ ಹೆಸರು ತಗೊಂಡ್ರ ಒಳಗಿನ ವ್ಯಾಳ್ಯಾ ಗೊತ್ತಾಗದಂಗ ಕಳೀತದ.”

ಅದು ಜೈಲಿನಲ್ಲಿ ಪ್ರತಿ ತಿಂಗಳು ನಾನು ಹೇಳುತ್ತಿದ್ದ ಮಾತು. ಒಳಗಿದ್ದವನಿಗೆ ಅದರಿಂದ ಏನೇನೂ ಉಪಯೋಗವಿಲ್ಲ ಎಂದು ಅವತ್ತು ತಿಳಿಯಿತು.

ಅವನು ಮಾಲೀಕರಿಗೆ ಫೋನು ಮಾಡಿಸಿ, ಬಾಗಿಲ ಹೊರಗೆ ಕೂತು ಚಪ್ಪಾಳೆ ಹಾಕುತ್ತ ಭಜನೆ ಶುರು ಮಾಡಿದ. ನಡುವೆ ಎದ್ದು ಹೋಗಿ, ಬಾಗಿಲ ಕೆಳಗಿನ ಸಂದಿಯಿಂದ ಬಾಳೆ ಎಲೆಯ ಮೇಲೆ ಒಂದು ದೋಸೆ ತಳ್ಳಿದ. ಪದ್ಧತಿಯಂತೆ ಮೊದಲು ತಾನು ಒಂದು ತುಂಡು ತಿಂದಿದ್ದೇನೆ, ಅಂಜದೆ ತಿನ್ನಿರಿ ಎಂದ.

ಸಂಜೆಯ ಹೊತ್ತಿಗೆ ಮಾಲೀಕರು ಬಂದರು. ನನ್ನ ಕೂಗು ಗಲ್ಲಾದವರೆಗೂ ಕೇಳಿತ್ತು, ಎಲ್ಲರೂ ಎಲ್ಲವನ್ನೂ ಅವರ ಕಿವಿಗೆ ಹಾಕಿಯಾಗಿತ್ತು. ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ. ಬಾಗಿಲು ತೆಗೆದರು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ನಾನು ಹೊರಗೆ ಬಂದೆ.

“ಇವ ಬಂದ ಮೇಲೆ ನನ್ನ ಒಂದು ಬೀಗವೂ ಅಲ್ಲಾಡ್ಲಿಲ್ಲ,” ಎಂದರು ಮಾಲೀಕರು. “ಈ ಹೋಟೆಲಿನಲ್ಲಿ ಬೀಗ ಒಡಿ ಅಂತ ಬೊಬ್ಬೆ ಹೊಡೆದವರು ನೀವೊಬ್ಬರೇ ಮಾರಾಯ್ರೆ. ನಿಮಗೆ ಯಾರು ಜವಾಬ್ದಾರಿ?”

ನಾನು ಅಂಗಿಯ ಹಿಟ್ಟು ಕೊಡವಿದೆ. ಪಕ್ಕದಲ್ಲಿ ಅವನು ಒದ್ದೆ ಕೈ ಮೇಲೆತ್ತಿದ.

“ನಾ ಅದೀನ್ರಿ, ಅಣ್ಣಾರ.”